ಮರಿಗಳ ವಪೆ ಮತ್ತು ಉಸಿರಿನ ತಡೆ: ಬಲ ಕುಸಿದರೆ ಅದು ದಣಿವೇ?

ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವೇ ವಪೆ. ಉಸಿರಿಗೆ ತಡೆ ಬಿದ್ದಾಗ ಅದರ ಬಲ ಕುಸಿದರೆ ಅದು ದಣಿವೇ ಎಂದು ಪ್ರಾಣಿಗಳ ಮರಿಗಳಲ್ಲಿ ಪ್ರಯೋಗ ಮಾಡಿ ನೋಡುತ್ತಾರೆ. ಉಸಿರು ಎಳೆಯುವ ದಾರಿಯಲ್ಲಿ ಕಿರಿದಾದ ರಂಧ್ರವೊಂದನ್ನು ಕೂರಿಸಿ ವಪೆಯ ಮೇಲೆ ಹೊರೆ ಹಾಕುವುದು ಇಲ್ಲಿ ಸಾಮಾನ್ಯ ವಿಧಾನ. ಒತ್ತಡದ ಅಂತರವನ್ನು ಗಾಳಿಯ ಹರಿವಿನಿಂದ ಭಾಗಿಸಿದರೆ ತಡೆ ಸಿಗುತ್ತದೆ. ಹರಿವು ಜೋರಾದರೆ ರಂಧ್ರದಲ್ಲಿ ಸುಳಿಯೆದ್ದು ತಡೆಯೂ ಏರುವುದರಿಂದ, ಯಾವ ಹರಿವಿನಲ್ಲಿ ಅಳೆದದ್ದು ಎಂದು ಬರೆಯದ ತಡೆಯ ಅಂಕಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಹೊರೆ ಬಿದ್ದ ಮೊದಲ ಉಸಿರಿನಲ್ಲೇ ಒಳಹೋಗುವ ಗಾಳಿ ಕಡಿಮೆಯಾಗುತ್ತದೆ. ಶ್ವಾಸಕೋಶ ನಿಧಾನವಾಗಿ ಹಿಗ್ಗುವುದರಿಂದ "ಸಾಕು, ನಿಲ್ಲಿಸು" ಎಂಬ ವೇಗಸ್ ನರದ ಸಂಕೇತ ತಡವಾಗಿ ಮಿದುಳು ತಲುಪಿ, ಎಳೆಯುವ ಅವಧಿ ಉದ್ದವಾಗುತ್ತದೆ. ಸ್ನಾಯು ನಿಧಾನವಾಗಿ ಕುಗ್ಗಿದಷ್ಟೂ ಅದರ ಬಲ ಹೆಚ್ಚು. ಹಾಗಾಗಿ ನರದ ಪ್ರಚೋದನೆ ಬದಲಾಗದಿದ್ದರೂ ಒತ್ತಡ ಏರಬಹುದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪ್ರಚೋದನೆ ಬಲಗೊಳ್ಳುವುದು ಆಮೇಲಿನ ಮಾತು.

ಮರಿಗಳ ನಿಜವಾದ ಕಷ್ಟ ಎದೆಗೂಡಿನದು. ಪಕ್ಕೆಲುಬುಗಳು ಮೆತ್ತಗಿರುವುದರಿಂದ ಎದೆ ಒಳಕ್ಕೆ ಸೆಳೆಯಲ್ಪಡುತ್ತದೆ. ವಪೆ ಕುಗ್ಗಿದ್ದರಲ್ಲಿ ಒಂದು ಪಾಲು ಗಾಳಿಯನ್ನು ತರದೆ ಎದೆಗೋಡೆಯನ್ನು ಬಾಗಿಸುವುದರಲ್ಲೇ ಮುಗಿಯುತ್ತದೆ.

ಹೊರೆ ಎಷ್ಟೆಂದು ಅಂದಾಜಿಸಲು ಒತ್ತಡ–ಕಾಲ ಸೂಚ್ಯಂಕ ಬಳಸುತ್ತಾರೆ. ಜಠರದ ಒತ್ತಡದಿಂದ ಅನ್ನನಾಳದ ಒತ್ತಡ ಕಳೆದರೆ ವಪೆಯ ಒತ್ತಡ. ಅದು 24 ಸೆಂ.ಮೀ. ನೀರಿನಷ್ಟಿದ್ದು ವಪೆ ಉಂಟುಮಾಡಬಲ್ಲ ಗರಿಷ್ಠ ಒತ್ತಡ 60 ಆದರೆ ಅನುಪಾತ 0.4. ಒಂದು ಉಸಿರಿನ ಚಕ್ರದಲ್ಲಿ ಎಳೆಯುವ ಅವಧಿಯ ಪಾಲು 0.5 ಆದರೆ, ಎರಡನ್ನೂ ಗುಣಿಸಿ ಬರುವ ಸೂಚ್ಯಂಕ 0.2. ದಣಿವಿನ ಗಡಿ ಸುಮಾರು 0.15 ಎಂಬುದು ವಯಸ್ಕ ಮನುಷ್ಯರ ಅಳತೆ. ಅದನ್ನೇ ಹಂದಿಮರಿಗೋ ಕುರಿಮರಿಗೋ ಹೊದಿಸುವುದು ತಪ್ಪು.

ಇನ್ನು ಒತ್ತಡ ಕುಸಿದಾಗ ದೋಷ ಮೂರು ಕಡೆ ಇರಬಹುದು: ಮಿದುಳಿನ ಪ್ರಚೋದನೆ, ನರ–ಸ್ನಾಯು ಸಂಧಿ, ಸ್ನಾಯುತಂತು. ವಪೆಯನ್ನು ಕುಗ್ಗಿಸುವ ಫ್ರೆನಿಕ್ ನರವನ್ನು ಪೂರ್ಣ ಪ್ರಚೋದನೆಗೆ ಬೇಕಾದುದಕ್ಕಿಂತ ತುಸು ಹೆಚ್ಚು ವಿದ್ಯುತ್ತಿನಿಂದ ಕೆಣಕಿ ನೋಡಿ. ಆಗ ಮೊದಲಿನಷ್ಟೇ ಒತ್ತಡ ಬಂದರೆ ಸ್ನಾಯು ಸರಿಯಿದೆ, ಕೇಂದ್ರದ ಪ್ರಚೋದನೆ ತಗ್ಗಿದೆ. ನರದ ಮೂಲಕ ಬಲ ಬಾರದೆ ಸ್ನಾಯುವನ್ನು ನೇರವಾಗಿ ಕೆಣಕಿದಾಗ ಬಂದರೆ ಸಂಧಿಯಲ್ಲಿ ತೊಂದರೆ. ಎರಡರಲ್ಲೂ ಬಾರದಿದ್ದರೆ ತಂತುವನ್ನೇ ಶಂಕಿಸಬೇಕು. ಸೆಕೆಂಡಿಗೆ 20 ಬಾರಿ (20 ಹರ್ಟ್ಸ್) ಕೆಣಕಿದಾಗಿನ ಬಲ ಕುಸಿದು 100 ಹರ್ಟ್ಸ್‌ನದು ಉಳಿದಿದ್ದರೆ ಅದು ನಿಧಾನವಾಗಿ ಚೇತರಿಸಿಕೊಳ್ಳುವ ಬಗೆಯ ದಣಿವು.

ಇಲ್ಲೇ ಎಳೆತನದ ವಿಚಿತ್ರವಿದೆ. ಹುಟ್ಟಿದ ಹೊಸತರಲ್ಲಿ ಇಲಿಮರಿಯ ವಪೆಯ ತಂತುಗಳ ಬಲ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಹೋಲಿಸಿದರೂ ಕಡಿಮೆ, ಆದರೆ ನೇರವಾಗಿ ಕೆಣಕಿದರೆ ಅವು ಸುಲಭಕ್ಕೆ ದಣಿಯುವುದಿಲ್ಲ. ಸೋಲುವುದು ಹೆಚ್ಚಾಗಿ ಇನ್ನೂ ಬಲಿಯದ ಸಂಧಿ. "ಎಳೆಯ ಸ್ನಾಯು ಬೇಗ ದಣಿಯುತ್ತದೆ" ಎಂದು ಒಂದೇ ಸಾಲಿನಲ್ಲಿ ಬರೆದರೆ ಅದಕ್ಕೇ ಉತ್ತರ ಅರೆಬರೆಯಾಗುವುದು.

ಅಡ್ಡಕೊಯ್ತದ ವಿಸ್ತೀರ್ಣದ ಲೆಕ್ಕ ಹೀಗೆ: ಸ್ನಾಯುಪಟ್ಟಿಯ ತೂಕವನ್ನು ಅದರ ಉದ್ದ ಮತ್ತು ಸ್ನಾಯುವಿನ ಸಾಂದ್ರತೆಯಾದ 1.056ರ (ಘನ ಸೆಂ.ಮೀ.ಗೆ ಗ್ರಾಂ) ಗುಣಲಬ್ಧದಿಂದ ಭಾಗಿಸಿ. 20 ಮಿಲಿಗ್ರಾಂ ತೂಕದ, 1.2 ಸೆಂ.ಮೀ. ಉದ್ದದ ಪಟ್ಟಿಗೆ ಸುಮಾರು 0.016 ಚದರ ಸೆಂ.ಮೀ. ಮಿಲಿಗ್ರಾಂ ಅನ್ನು ಗ್ರಾಂಗೆ ಬದಲಿಸಲು ಮರೆತರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ.

ಅಳತೆಯಲ್ಲಿ ಹೆಚ್ಚು ಮೋಸ ಮಾಡುವುದು ಶ್ವಾಸಕೋಶದ ಗಾತ್ರ. ಹೊರೆಯಿಂದಾಗಿ ಗಾಳಿ ಒಳಗೇ ಉಳಿದರೆ ವಪೆ ಚಪ್ಪಟೆಯಾಗಿ, ಮೊದಲೇ ಕುಗ್ಗಿದ ಸ್ಥಿತಿಯಿಂದ ಎಳೆಯಬೇಕಾಗುತ್ತದೆ; ದಣಿಯದಿದ್ದರೂ ಒತ್ತಡ ತಗ್ಗುತ್ತದೆ. ಆದ್ದರಿಂದ ಪ್ರತಿ ಬಾರಿ ಉಸಿರು ಬಿಟ್ಟ ಕೊನೆಯಲ್ಲಿ ದಾರಿ ಮುಚ್ಚಿಯೇ ನರವನ್ನು ಕೆಣಕಬೇಕು. ಅರಿವಳಿಕೆಯ ಆಳವೂ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಔಷಧಿ ತಗ್ಗಿಸಿದ ಪ್ರಚೋದನೆಯನ್ನು ದಣಿವೆಂದು ಬರೆದುಕೊಳ್ಳುವಂತಾಗುತ್ತದೆ.