ಹುಳುವಿನ ಸೊಪ್ಪು ಸಕ್ಕರೆ ಕಾಯಿಲೆಗೆ ಬಂದಿದ್ದು ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆ ಅಂದರೆ ರೇಷ್ಮೆ ಹುಳುವಿನ ಮೇವು. ಈಗ ಅದೇ ಸೊಪ್ಪು ಪುಡಿಯಾಗಿ, ಟೀ ಆಗಿ, ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ಹೆಸರಿನಲ್ಲಿ ಡಬ್ಬಿ ಸೇರಿದೆ. ‘ಎಲ್ಲ ಬರೀ ಬೊಗಳೆ’ ಎನ್ನುವವರಿದ್ದಾರೆ. ‘ಮಾತ್ರೆ ಬಿಟ್ಟು ಇದನ್ನೇ ಹಿಡಿಯಿರಿ’ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ.

ಟಿಪ್ಪು ಕಾಲದಲ್ಲಿ ಮೈಸೂರು ಸೀಮೆಗೆ ರೇಷ್ಮೆ ಕೃಷಿ ಬಂತು. ಚೀನಾದವರು ಅದಕ್ಕೂ ಎಷ್ಟೋ ಶತಮಾನ ಮೊದಲೇ ಈ ಎಲೆಯನ್ನು ಮದ್ದಾಗಿ ಬಳಸುತ್ತಿದ್ದರು. ಒಳಗೇನಿದೆ ಎಂದು ಗೊತ್ತಾಗಿದ್ದು 1976ರಲ್ಲಿ. ಜಪಾನಿನ ಸಂಶೋಧಕರು ಹಿಪ್ಪುನೇರಳೆ ಬೇರಿನಿಂದ 1-ಡಿಯಾಕ್ಸಿನೊಜಿರಿಮೈಸಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಚಿಕ್ಕದಾಗಿ ಡಿಎನ್‌ಜೆ. ಎಲೆಯಲ್ಲೂ ಅದು ಇದೆ.

ಮುದ್ದೆಯೋ ಅನ್ನವೋ ತಿಂದ ಮೇಲೆ, ಸಣ್ಣ ಕರುಳಿನಲ್ಲಿ ಆಲ್ಫಾ-ಗ್ಲುಕೋಸಿಡೇಸ್ ಎಂಬ ಕಿಣ್ವಗಳು ಪಿಷ್ಟದ ತುಂಡುಗಳನ್ನು ಗ್ಲುಕೋಸ್ ಆಗಿ ಒಡೆಯುತ್ತವೆ. ಡಿಎನ್‌ಜೆ ಆಕಾರದಲ್ಲಿ ಹೆಚ್ಚುಕಡಿಮೆ ಗ್ಲುಕೋಸ್‌ನಂತೆಯೇ ಇದೆ. ನಕಲಿ ಕೀಲಿಕೈ ಬೀಗದಲ್ಲಿ ಸಿಕ್ಕಿಕೊಂಡ ಹಾಗೆ ಅದು ಕಿಣ್ವದೊಳಗೆ ಕೂತುಬಿಡುತ್ತದೆ. ಆಗ ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಇದೇ ಅಣುವನ್ನು ಸ್ವಲ್ಪ ತಿದ್ದಿ ಮಾಡಿದ ಮಿಗ್ಲಿಟಾಲ್ ಮಾತ್ರೆಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಊಟದ ಜೊತೆ ನುಂಗುವ ವೋಗ್ಲಿಬೋಸ್ ಮಾತ್ರೆಯ ಮೂಲ ಬೇರೆ. ಆದರೆ ಅದು ತಡೆಯುವುದೂ ಇವೇ ಕಿಣ್ವಗಳನ್ನು.

ಹುಳು ಸಾಕುವವರಿಗೆ ಇಲ್ಲೊಂದು ಅನುಮಾನ ಬರಬೇಕು. ಸಕ್ಕರೆ ಅರಗದಂತೆ ತಡೆಯುವ ಸೊಪ್ಪನ್ನೇ ತಿಂದು ರೇಷ್ಮೆ ಹುಳು ಬದುಕುವುದು ಹೇಗೆ? ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುವಿಗಂತೂ ಎಷ್ಟು ಸೊಪ್ಪು ಹಾಕಿದರೂ ಸಾಲದು, ಅಲ್ವಾ?

ಉತ್ತರ ಇರುವುದು ಸೊಪ್ಪು ಕೊಯ್ಯುವಾಗ ಕೈಗೆ ಅಂಟುವ ಬಿಳಿ ಹಾಲಿನಲ್ಲಿ. ಡಿಎನ್‌ಜೆ ಮತ್ತು ಅದರ ಬಳಗದ ರಾಸಾಯನಿಕಗಳು ಆ ಹಾಲಿನಲ್ಲಿ ಒಟ್ಟು ಶೇ 1.5ರಿಂದ 2.5ರಷ್ಟು ಇರುತ್ತವೆ ಎಂದು 2006ರಲ್ಲಿ ಜಪಾನಿನ ಒಂದು ತಂಡ ತೋರಿಸಿತು. ಹರಳು ಸೊಪ್ಪು ತಿನ್ನುವ ಎರಿ ಹುಳುವಿಗೆ ಅವರು ಹಿಪ್ಪುನೇರಳೆ ಎಲೆ ಹಾಕಿ ನೋಡಿದರು. ಹುಳು ಉಳಿಯಲಿಲ್ಲ. ಎಲೆಯನ್ನು ಸಣ್ಣಗೆ ಹೆಚ್ಚಿ, ಹಾಲು ತೊಳೆದು ಹಾಕಿದಾಗ ಚೆನ್ನಾಗಿಯೇ ಬೆಳೆಯಿತು. ಅಂದರೆ ಗಿಡ ಈ ವಿಷ ಇಟ್ಟುಕೊಂಡಿರುವುದು ತನ್ನನ್ನು ತಿನ್ನಲು ಬರುವ ಹುಳಗಳಿಗಾಗಿ. ನಮ್ಮ ಸಕ್ಕರೆ ಕಾಯಿಲೆಗೂ ಅದಕ್ಕೂ ಸಂಬಂಧವೇ ಇಲ್ಲ! ರೇಷ್ಮೆ ಹುಳು ತಪ್ಪಿಸಿಕೊಂಡ ದಾರಿ 2008ರಲ್ಲಿ ತಿಳಿಯಿತು. ಸಕ್ಕರೆ ಒಡೆಯಲು ಅದರ ಹತ್ತಿರ ಇನ್ನೊಂದು ಕಿಣ್ವ ಇದೆ, ಅದು ಡಿಎನ್‌ಜೆಗೆ ಬಗ್ಗುವುದಿಲ್ಲ. ಆ ಕಿಣ್ವದ ಜೀನ್ ಯಾವುದೋ ಕಾಲದಲ್ಲಿ ಬ್ಯಾಕ್ಟೀರಿಯಾದಿಂದ ಹುಳುವಿಗೆ ಬಂದದ್ದು. ಡಿಎನ್‌ಜೆ ಹುಳುವಿನ ಮೈಯಲ್ಲೂ ಸೇರಿಕೊಳ್ಳುತ್ತದೆ. ಕೊರಿಯಾದಲ್ಲಿ ಒಣಗಿಸಿದ ಹುಳುವನ್ನೇ ಪುಡಿ ಮಾಡಿ ಸಕ್ಕರೆ ಕಾಯಿಲೆಯವರಿಗೆ ಮಾರುತ್ತಾರೆ. ನಮ್ಮ ಕಡೆ ಅದು ನಡೆಯುವ ವ್ಯಾಪಾರವಲ್ಲ ಬಿಡಿ.

ಗೋಜಲು ಶುರುವಾಗುವುದು ಲೆಕ್ಕದಲ್ಲಿ. 2007ರ ಒಂದು ಪರೀಕ್ಷೆಯಲ್ಲಿ, ಆರೋಗ್ಯವಂತರು ಸಕ್ಕರೆ ತಿಂದಾಗ ರಕ್ತದ ಗ್ಲುಕೋಸ್ ಏರಿಕೆಯನ್ನು ತಗ್ಗಿಸಲು 12 ಮಿಲಿಗ್ರಾಂ ಡಿಎನ್‌ಜೆ ಬೇಕಾಯಿತು. ಅದಕ್ಕೆ ಬಳಸಿದ್ದು ಡಿಎನ್‌ಜೆ ಅಂಶವನ್ನು ಶೇ 1.5ಕ್ಕೆ ಏರಿಸಿದ ಪುಡಿ. ಸಾಮಾನ್ಯ ಒಣ ಎಲೆಯಲ್ಲಿ ಇರುವುದು ಶೇ 0.1ರ ಆಸುಪಾಸು. ಒಂದು ಗ್ರಾಂ ಪುಡಿಗೆ ಒಂದು ಮಿಲಿಗ್ರಾಂ! ಎರಡು ಗ್ರಾಂ ಹಾಕಿದ ಟೀಯಲ್ಲಿ ಎಷ್ಟು ಇಳಿದೀತು, ನೀವೇ ಲೆಕ್ಕ ಹಾಕಿ. ಅದೂ ತಳಿ, ಕಾಲ, ಎಲೆಯ ವಯಸ್ಸು ನೋಡಿ ಬದಲಾಗುತ್ತದೆ. ತುದಿಯ ಎಳೆ ಸೊಪ್ಪಿನಲ್ಲಿ ಜಾಸ್ತಿ, ಬಲಿತ ಎಲೆಯಲ್ಲಿ ಕಡಿಮೆ. ಡಬ್ಬಿಯ ಮೇಲೆ ಡಿಎನ್‌ಜೆ ಪ್ರಮಾಣ ಇಲ್ಲದಿದ್ದರೆ, ಕೊಳ್ಳುವವರು ಸುಮ್ನೆ ಸೊಪ್ಪಿಗೆ ದುಡ್ಡು ಕೊಟ್ಟಂತೆ.

ಕುಡಿಯುವ ಹೊತ್ತೂ ಮುಖ್ಯ. ಕಷಾಯ ಅಂದ ತಕ್ಷಣ ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಯುವುದು ನಮ್ಮ ರೂಢಿ. ಆದರೆ ಇದಕ್ಕೆ ಕೆಲಸ ಇರುವುದು ಕರುಳಿನಲ್ಲಿ ಊಟ ಇದ್ದಾಗ ಮಾತ್ರ. ಜಾಸ್ತಿ ತಗೊಂಡರೆ ಹೊಟ್ಟೆ ಉಬ್ಬರ, ಗ್ಯಾಸ್. ಒಡೆಯದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುದುಗುವುದೇ ಅದಕ್ಕೆ ಕಾರಣ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಬೇರೆ ಮಾತ್ರೆಗಳ ಜೊತೆ ಇಂಥದ್ದನ್ನು ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು. ಇಂಥವರಿಗೆ ಲೋ ಶುಗರ್ ಆಗಿ ಬೆವರು, ನಡುಕ ಬಂದರೆ ಮನೆಯವರು ಕೊಡಬೇಕಾದ್ದು ಗ್ಲುಕೋಸ್ ಪುಡಿ. ಅಡುಗೆಮನೆಯ ಸಕ್ಕರೆ ತಡವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದನ್ನು ಒಡೆಯುವ ಕಿಣ್ವಕ್ಕೂ ಆಗ ತಡೆ ಬಿದ್ದಿರುತ್ತದೆ.