ಫ್ಯಾಟ್ ಬೈಕ್: ಚಕ್ರ ಕೂರುತ್ತದೆ, ಬ್ರೇಕ್ ಏಕೆ ಕೂರುವುದಿಲ್ಲ?

ಬಹಳ ಅಗಲದ ಟೈರಿನ ಸೈಕಲ್ಲಾದ ಫ್ಯಾಟ್ ಬೈಕ್‌ಗೆ ಬೇರೆ ಮುಂದಿನ ಚಕ್ರ ಹಾಕಬೇಕಾಗಿದೆ ಎನ್ನಿ. ಚಕ್ರದ ನಡುವಿನ ಹಬ್‌ನ ಅಗಲ 135 ಮಿಲಿಮೀಟರ್. ಆ ಚಕ್ರವನ್ನು ಹಿಡಿಯುವ ಫೋರ್ಕ್‌ನ ಎರಡು ಕಾಲುಗಳ ನಡುವಿನ ಅಂತರವೂ 135. ಇನ್ನೇನು ನೋಡುವುದಿದೆ ಎಂದು ದುಡ್ಡು ಕೊಟ್ಟು ಚಕ್ರ ತಂದವರು, ಅದನ್ನು ಜೋಡಿಸಿದ ಮೇಲೆ ಬ್ರೇಕಿನ ಡಿಸ್ಕ್ ಹೋಗಿ, ಅದನ್ನು ಅದುಮಿ ಹಿಡಿಯಬೇಕಾದ ಕ್ಯಾಲಿಪರ್‌ನ ಮೈಗೆ ಒರಗುವುದನ್ನು ಕಂಡು ಕಂಗಾಲಾಗುತ್ತಾರೆ. ಚಕ್ರ ಬೆಂಡಾಗಿದೆ, ಕ್ಯಾಲಿಪರ್ ಕಳಪೆ, ಫೋರ್ಕ್ ಸೊಟ್ಟ ಎಂದು ಒಂದೊಂದನ್ನೇ ಬೈಯುತ್ತಾರೆ. ಯಾವುದರಲ್ಲೂ ದೋಷವಿಲ್ಲ. ಬಾಗಿಲು ಚೌಕಟ್ಟಿನೊಳಗೆ ಸರಿಯಾಗಿ ಕುಳಿತ ಮಾತ್ರಕ್ಕೆ ಚಿಲಕ ತನ್ನ ತೂತಿಗೆ ಬೀಳಲೇಬೇಕೆಂದಿಲ್ಲವಷ್ಟೆ. ಹಬ್‌ನ ಅಗಲವು ಬಾಗಿಲಿನ ಲೆಕ್ಕ. ಚಿಲಕದ ಲೆಕ್ಕವನ್ನು ಬೇರೆಯಾಗಿಯೇ ಅಳೆಯಬೇಕು. ಮಾರುವವರು ಅದನ್ನು ದಪ್ಪ ಅಕ್ಷರದಲ್ಲಿ ಬರೆಯುವುದು ಅಪರೂಪ.

ಅಳೆಯಬೇಕಾದದ್ದು ಇಷ್ಟು: ಚಕ್ರದ ಎಡಗಡೆ, ಹಬ್ ಫೋರ್ಕಿಗೆ ಅಥವಾ ಫ್ರೇಮಿಗೆ ಒತ್ತಿಕೊಳ್ಳುವ ತುದಿಯಿಂದ ಡಿಸ್ಕ್ ಕೂರುವ ಮುಖದವರೆಗೆ ಎಷ್ಟು ದೂರವಿದೆ? ಮಾಮೂಲಿ ಮೌಂಟನ್ ಬೈಕ್‌ನಲ್ಲಿ ಹಿಂದಿನ ಹಬ್‌ಗೆ ಇದು ಸುಮಾರು 15.3 ಮಿ.ಮೀ., ಮುಂದಿನದಕ್ಕೆ ಸುಮಾರು 10.4. ಹತ್ತಿರ ಹತ್ತಿರ 5 ಮಿ.ಮೀ. ವ್ಯತ್ಯಾಸ. ಅಲ್ಲಿ ಮುಂದಿನ ಹಬ್ 100 ಅಗಲ, ಹಿಂದಿನದು 135. ಒಂದರ ಜಾಗಕ್ಕೆ ಇನ್ನೊಂದು ಹೋಗುವುದೇ ಇಲ್ಲವಾದ್ದರಿಂದ ಈ 5 ಮಿ.ಮೀ. ಯಾರಿಗೂ ತೊಂದರೆ ಕೊಡದೆ ಇತ್ತು. ಅದು ತೊಂದರೆಯಾದದ್ದು ಫ್ಯಾಟ್ ಬೈಕ್ ಬಂದ ಮೇಲೆ.

ಕಥೆ ಶುರುವಾಗುವುದು ಅಲಾಸ್ಕದಲ್ಲಿ. ನಾಯಿಗಾಡಿಗಳ ಇಡಿಟರಾಡ್ ಜಾಡಿನಲ್ಲಿ 1987ರಲ್ಲಿ ಸೈಕಲ್ ಸ್ಪರ್ಧೆಯೊಂದು ಆರಂಭವಾಯಿತು. ಹಿಮದಲ್ಲಿ ಹೂತುಹೋಗದಿರಲು ಟೈರ್ ಅಗಲವಾಗಿರಬೇಕು, ಅದರೊಳಗೆ ಗಾಳಿ ಕಡಿಮೆ ಇರಬೇಕು. ಸವಾರರು ಎರಡು ರಿಮ್‌ಗಳನ್ನು ಅಕ್ಕಪಕ್ಕ ಇಟ್ಟು ಬೆಸೆದು ನೋಡಿದರು. ಫೇರ್‌ಬ್ಯಾಂಕ್ಸ್‌ನ ಸೈಮನ್ ರಾಕೋವರ್ 44 ಮಿ.ಮೀ. ಅಗಲದ ಸ್ನೋಕ್ಯಾಟ್ ರಿಮ್ ತಯಾರಿಸಿದರು. ಅತ್ತ ನ್ಯೂ ಮೆಕ್ಸಿಕೋದಲ್ಲಿ ರೇ ಮೊಲಿನಾ ಮರಳಿನಲ್ಲಿ ಓಡಿಸಲೆಂದು ಇನ್ನೂ ಅಗಲದ ರಿಮ್ ಮತ್ತು ಟೈರ್‌ಗಳಿಗೆ ಕೈಹಾಕಿದರು. ಕೊನೆಗೆ 2005ರಲ್ಲಿ ಮಿನೆಸೋಟದ ಸರ್ಲಿ ಕಂಪನಿ 'ಪಗ್ಸ್‌ಲಿ' ಎಂಬ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು: 65 ಮಿ.ಮೀ. ರಿಮ್, 3.7 ಇಂಚಿನ ಟೈರ್. ಅಷ್ಟು ಅಗಲವನ್ನು ದಾಟಿ ರಿಮ್ ಹಿಡಿಯುವ ಬ್ರೇಕ್ ಹಾಕುವುದು ಹರಸಾಹಸ, ಹಾಕಿದರೂ ಮಂಜುಗಟ್ಟಿದ ರಿಮ್ ಮೇಲೆ ಅದು ಜಾರುತ್ತದೆ. ಹಾಗಾಗಿ ಡಿಸ್ಕ್ ಬ್ರೇಕ್ ಒಂದೇ ಗತಿ. (ಟೈರ್ ದಪ್ಪವಾದರೆ ಬ್ರೇಕ್ ಕೂಡ ವಿಶೇಷದ್ದೇ ಬೇಕು ಎಂಬ ನಂಬಿಕೆ ನಮ್ಮಲ್ಲಿ ಡಾಂಬರು ರಸ್ತೆಯ ಮೇಲೆ ಅಗ್ಗದ ಫ್ಯಾಟ್ ಬೈಕ್ ಓಡಿಸುವ ಹುಡುಗರಲ್ಲೂ ಇದೆ. ಇಲ್ಲ, ಮೌಂಟನ್ ಬೈಕ್‌ನ ಅದೇ 160 ಅಥವಾ 180 ಮಿ.ಮೀ. ಡಿಸ್ಕ್ ಸಾಕು.)

ಪಗ್ಸ್‌ಲಿಯ ಮುಂದಿದ್ದ ನಿಜವಾದ ಸಮಸ್ಯೆ ಚೈನು. 3.7 ಇಂಚು ಎಂದರೆ 94 ಮಿ.ಮೀ., ಅಂದರೆ ಮಧ್ಯರೇಖೆಯಿಂದ ಆಚೆಗೊಂದು 47, ಈಚೆಗೊಂದು 47. ಸಾಮಾನ್ಯ ಸೈಕಲ್‌ನ ಚೈನು ಮಧ್ಯರೇಖೆಯಿಂದ 50 ಮಿ.ಮೀ. ಆಸುಪಾಸಿನಲ್ಲಿ ಓಡುತ್ತದೆ, ಒಳಗಿನ ಗೇರಿಗೆ ಬಂದರೆ ಇನ್ನೂ ಒಳಕ್ಕೆ. ಟೈರನ್ನು ಉಜ್ಜದೆ ಬೇರೆ ದಾರಿಯಿಲ್ಲ. ಹೊಸ ಅಗಲದ ಹಬ್ ಮಾಡಿಸಬಹುದಿತ್ತು, ಆದರೆ ಹೊಸ ಅಳತೆ ಎಂದರೆ ದುಬಾರಿ, ಬಿಡಿಭಾಗವೂ ಸಿಗದು. ಅವರು ಮಾಡಿದ ಉಪಾಯ ನನಗೆ ಈಗಲೂ ಸೊಗಸಾಗಿ ಕಾಣುತ್ತದೆ. ಎಲ್ಲೆಡೆ ಸಿಗುವ 135ರ ಹಿಂದಿನ ಹಬ್ ಅನ್ನೇ ತೆಗೆದುಕೊಂಡು, ಫ್ರೇಮಿನ ಹಿಂಭಾಗವನ್ನು 17.5 ಮಿ.ಮೀ. ಬಲಕ್ಕೆ ಸರಿಸಿದರು. ರಿಮ್ ಮಾತ್ರ ಮಧ್ಯರೇಖೆಯಲ್ಲೇ ಉಳಿಯುವಂತೆ ಕಡ್ಡಿಗಳನ್ನು ಎಡಕ್ಕೆ ಎಳೆದು ಹೆಣೆದರು. ಈಗ ಲೆಕ್ಕ ಹಾಕಿ: 135ರ ಅರ್ಧ 67.5, ಅದಕ್ಕೆ 17.5 ಕೂಡಿಸಿದರೆ ಬಲಗಡೆ 85. ಎಡಗಡೆ ಉಳಿಯುವುದು 50. ಮುಂದೆ ಸಾಲ್ಸಾ ಮಕ್‌ಲಕ್‌ನಂಥ ಸೈಕಲ್‌ಗಳಲ್ಲಿ 170 ಮಿ.ಮೀ. ಹಬ್ ಬಂದಾಗ ಎಡಗಡೆಯೂ 85 ಆಯಿತು, ಬಲಗಡೆ ಇದ್ದಲ್ಲೇ ಇತ್ತು. 170 ಎಂಬ ವಿಚಿತ್ರ ಸಂಖ್ಯೆಯೊಳಗೆ ಪಗ್ಸ್‌ಲಿಯ ಬಲಮಗ್ಗುಲು ಹಾಗೇ ಕುಳಿತಿದೆ.

ಗೊಂದಲ ಹುಟ್ಟಿದ್ದು ಮುಂದಿನ ಚಕ್ರದಲ್ಲಿ. ಪಗ್ಸ್‌ಲಿಯ ಫೋರ್ಕಿಗೂ ಅದೇ 135, ಬಲಕ್ಕೆ ಅದೇ 17.5 ಸರಿತ, ಹಿಂದಿನ ಹಬ್‌ನದೇ ಡಿಸ್ಕ್ ಅಳತೆ. ಇದು ಚಮತ್ಕಾರಕ್ಕಾಗಿ ಮಾಡಿದ್ದಲ್ಲ. ಕಡುಚಳಿಯಲ್ಲಿ ಹಿಂದಿನ ಹಬ್‌ನ ಫ್ರೀವೀಲ್ ಒಳಗಿನ ಗ್ರೀಸ್ ಗಟ್ಟಿಯಾಗಿ ಕಚ್ಚುವ ಹಲ್ಲುಗಳು ಮೇಲೇಳದೆ ಹೋದರೆ, ಪೆಡಲ್ ತುಳಿದಷ್ಟೂ ಖಾಲಿ ಸುತ್ತುತ್ತದೆ. ಊರಿಲ್ಲದ ಕಡೆ ಹಾಗಾದರೆ ಹೆಣಭಾರದ ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದೇ. ಮುಂದಿನ ಚಕ್ರಕ್ಕೆ ಒಂದೇ ಗೇರ್ ಇರುವ ಹಿಂದಿನ ಹಬ್ ಹಾಕಿಕೊಂಡವನು ಎರಡು ಚಕ್ರಗಳನ್ನೂ ಅದಲುಬದಲು ಮಾಡಿ ಮುಂದೆ ಸಾಗಬಹುದು. ಆಮೇಲೆ ಬಂದ ತಯಾರಕರಲ್ಲಿ ಕೆಲವರು 135ರ ಅಗಲವನ್ನು ಮಾತ್ರ ಉಳಿಸಿಕೊಂಡು, ಡಿಸ್ಕನ್ನು ಮುಂದಿನ ಹಬ್‌ನ ಅಳತೆಗೆ ತಂದರು. ಹೀಗೆ 135 ಎಂಬ ಒಂದೇ ಹೆಸರಿನಲ್ಲಿ ಎರಡು ಜಾತಿಯ ಹಬ್, ಎರಡು ಜಾತಿಯ ಫೋರ್ಕ್.

ಪರಿಹಾರಕ್ಕೆ ಮೊದಲು ಅಳತೆಪಟ್ಟಿ ತೆಗೆಯಿರಿ. ವ್ಯತ್ಯಾಸ ಅರ್ಧ ಮಿಲಿಮೀಟರ್ ಒಳಗಿದ್ದರೆ, ಆರು ಬೋಲ್ಟಿನ ಡಿಸ್ಕ್ ಕೆಳಗೆ ಹಾಕುವ ತೆಳುವಾದ ಉಂಗುರದಂಥ ತಗಡು ಸಿಗುತ್ತದೆ. ಒಂದೆರಡು ಮಿಲಿಮೀಟರ್ ಆದರೆ ಕ್ಯಾಲಿಪರ್‌ನ ಉದ್ದತೂತಿನಲ್ಲೇ ಅದನ್ನು ಅತ್ತಿತ್ತ ಸರಿಸಬಹುದು. ಪೂರ್ತಿ 5 ಮಿ.ಮೀ. ಇದ್ದಾಗಲೇ ಜನ ಅಪಾಯಕ್ಕೆ ಕೈಹಾಕುವುದು: ಪ್ರತಿ ಬೋಲ್ಟಿಗೂ ನಾಲ್ಕೈದು ವಾಷರ್ ಪೋಣಿಸಿ ಡಿಸ್ಕನ್ನು ಹೊರಕ್ಕೆ ತಳ್ಳುತ್ತಾರೆ.

ಅದು ಏಕೆ ಅಪಾಯವೆಂದರೆ, ಸವಾರನೂ ಸೈಕಲ್ಲೂ ಸೇರಿ 100 ಕಿಲೋ ಎಂದಿಟ್ಟುಕೊಳ್ಳಿ. ಮುಂದಿನ ಬ್ರೇಕ್ ಸ್ವಲ್ಪ ಗಟ್ಟಿಯಾಗಿ ಹಿಡಿದಾಗ ನೆಲ ಟೈರನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 30 ಕಿಲೋ ಭಾರಕ್ಕೆ ಸಮ. ಆ ಬಲ ಬೀಳುವುದು ಚಕ್ರದ ನಡುವಿನಿಂದ 37 ಸೆಂ.ಮೀ. ದೂರದಲ್ಲಿ. ಡಿಸ್ಕ್‌ನ ಬೋಲ್ಟುಗಳಿರುವುದು ಕೇವಲ 2.2 ಸೆಂ.ಮೀ. ದೂರದಲ್ಲಿ. ಸನ್ನೆಯ ನಿಯಮದಂತೆ ಬಲ ಹದಿನೇಳು ಪಟ್ಟು ಹೆಚ್ಚುತ್ತದೆ: ಆರು ಬೋಲ್ಟುಗಳ ಮೇಲೆ ಒಟ್ಟು 500 ಕಿಲೋಗೂ ಮೀರಿದ ಭಾರ, ಒಂದೊಂದರ ಪಾಲಿಗೆ 85 ಕಿಲೋ. ಸರಿಯಾದ ಜೋಡಣೆಯಲ್ಲಿ ಈ ಭಾರವನ್ನು ಬೋಲ್ಟಿನ ಕಡ್ಡಿ ಹೊರುವುದೇ ಇಲ್ಲ. ಬೋಲ್ಟು ಡಿಸ್ಕನ್ನು ಹಬ್‌ಗೆ ಬಿಗಿಯಾಗಿ ಅದುಮುತ್ತದೆ. ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯೇ ಭಾರ ಹೊರುತ್ತದೆ. ನಡುವೆ ಬಿಡಿ ವಾಷರ್‌ಗಳ ಕಂಬ ನಿಲ್ಲಿಸಿದರೆ ಆ ಮುಖಗಳು ದೂರವಾಗುತ್ತವೆ, 5 ಮಿ.ಮೀ. ದಪ್ಪದ ಬೋಲ್ಟು ಪ್ರತಿ ಬ್ರೇಕಿಗೂ ಬಾಗಿ ನೆಟ್ಟಗಾಗುತ್ತದೆ, ಹಬ್‌ನೊಳಗೆ ಕಚ್ಚಿಕೊಂಡ ತಿರುಪಿನ ಸುತ್ತುಗಳೂ ಕಡಿಮೆ. ಲೋಹವನ್ನು ಹೀಗೆ ಅತ್ತಿತ್ತ ಬಾಗಿಸುತ್ತಲೇ ಇದ್ದರೆ ಅದು ಒಂದು ದಿನ ಮುರಿಯುತ್ತದೆ, ಅದೂ ಇಳಿಜಾರಿನಲ್ಲಿ, ಏಕೆಂದರೆ ಬ್ರೇಕ್ ಜೋರಾಗಿ ಹಿಡಿಯುವುದು ಅಲ್ಲಿಯೇ.

ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಡಿಸ್ಕ್ ಬಿಟ್ಟು ಇಡೀ ಹಬ್ ಅನ್ನೇ ಸರಿಸುವುದು. ನಟ್ಟು, ಕೋನ್ ಇರುವ ಹಳೆಯ ಬಗೆಯ ಹಬ್ ಆಗಿದ್ದು, ಎಡಗಡೆ ತೆಗೆಯಲು ಬರುವ ಸ್ಪೇಸರ್ (ಅಂತರ ತುಂಬುವ ಉಂಗುರ) ಇದ್ದರೆ, ಆ 5 ಮಿ.ಮೀ. ಅನ್ನು ತೆಗೆದು ಬಲಗಡೆಗೆ ಹಾಕಿ. ಒಟ್ಟು ಅಗಲ 135 ಹಾಗೇ ಇರುತ್ತದೆ, 15.3 ಇದ್ದದ್ದು 10.3 ಆಗುತ್ತದೆ. ಈಗ ರಿಮ್ ಕೂಡ 5 ಮಿ.ಮೀ. ಎಡಕ್ಕೆ ಹೋಗಿರುತ್ತದೆ. ಬೆಂಡ್ ತೆಗೆಯುವ ನುರಿತ ಮೆಕ್ಯಾನಿಕ್ ಬಲಗಡೆಯ ಕಡ್ಡಿ ಬಿಗಿದು ಎಡಗಡೆಯದನ್ನು ಸಡಿಲಿಸಿ ಅದನ್ನು ನಡುವಿಗೆ ತರುತ್ತಾನೆ. ಡಿಸ್ಕ್ ಬೇಕಾದ್ದಕ್ಕಿಂತ ಹೊರಗಿದ್ದರೆ ಇದೇ ಕೆಲಸ ತಿರುಗುಮುರುಗು. ಅಲ್ಲಿ ವಾಷರ್ ಉಪಾಯಕ್ಕೆ ಅವಕಾಶವೇ ಇಲ್ಲ.

ಹಿಂದಿನ ಚಕ್ರದ 170 ಮತ್ತು 177, 190 ಮತ್ತು 197 ಎಂಬ ಜೋಡಿಗಳನ್ನು ನೋಡಿ ಹೆದರಬೇಕಾಗಿಲ್ಲ. ಹೆಚ್ಚಿನ 7 ಮಿ.ಮೀ.ನಲ್ಲಿ ತಲಾ 3.5 ಫ್ರೇಮಿನ ಗುಳಿಯೊಳಗೆ ಹೂತುಹೋಗುತ್ತದೆ, ಡಿಸ್ಕ್ ಇದ್ದಲ್ಲೇ ಇರುತ್ತದೆ. ಅನೇಕ ಹಬ್‌ಗಳಲ್ಲಿ ತುದಿಯ ಮುಚ್ಚಳ ಮತ್ತು ಆಕ್ಸಲ್ (ಹಬ್‌ನ ನಡುವೆ ಹಾಯುವ ಅಚ್ಚು) ಬದಲಿಸಿದರೆ ಕೆಲಸ ಮುಗಿಯಿತು. ಆದರೆ ಪಗ್ಸ್‌ಲಿಯ ಮುಂದಿನ ಚಕ್ರವನ್ನು 2014ರಲ್ಲಿ ಬಂದ ರಾಕ್‌ಶಾಕ್ಸ್ ಕಂಪನಿಯ ಬ್ಲೂಟೋ ಫೋರ್ಕಿಗೆ ಹಾಕಲು ಹೊರಟವರಿಗೆ ಯಾವ ಮುಚ್ಚಳವೂ ನೆರವಾಗದು. ಅಲ್ಲಿ ಬೇಕಾದದ್ದು 150 ಅಗಲ, 15 ಮಿ.ಮೀ. ದಪ್ಪದ ಆಕ್ಸಲ್, ಜೊತೆಗೆ ಇವರ ರಿಮ್ 17.5 ಮಿ.ಮೀ. ಪಕ್ಕಕ್ಕೆ ನಿಂತಿದೆ. ಅಡಾಪ್ಟರ್ ಹುಡುಕುತ್ತ ದುಡ್ಡು ಕಳೆಯುವುದಕ್ಕಿಂತ ಆ ಚಕ್ರವನ್ನು ಹಾಗೇ ಮಾರಿ, 150ರ ಹಬ್ ಹಾಕಿದ ಹೊಸ ಚಕ್ರ ಕಟ್ಟಿಸುವುದು ಲೇಸು.