300 ಎಂಬಿಪಿಎಸ್ ಇಂಟರ್ನೆಟ್ ಪ್ಲ್ಯಾನ್, ಮಹಡಿಯಲ್ಲಿ ಸಿಗುವುದು 94: ಹೊಸ ರೂಟರ್‌ಗೂ ಮೊದಲು ನೋಡಬೇಕಾದ್ದು

ವೈಫೈ ರೂಟರಿನ ಡಬ್ಬದ ಮೇಲೆ ಎಎಕ್ಸ್3000 ಎಂದಿದ್ದ ಮಾತ್ರಕ್ಕೆ ಫೋನಿಗೆ 3000 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ವೇಗ ಬರುವುದಿಲ್ಲ. ರೂಟರ್ ಪ್ರಸಾರ ಮಾಡುವ ಎರಡು ತರಂಗಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್‌ನ 574, 5 ಗಿಗಾಹರ್ಟ್ಸ್‌ನ 2402 ಎರಡನ್ನೂ ಕೂಡಿಸಿ ಬರೆದ ಲೆಕ್ಕ ಅದು. ಎರಡು ಆಂಟೆನಾದ ವೈಫೈ 6 (ವೈಫೈಯ ಆರನೇ ಪೀಳಿಗೆ) ಫೋನ್ 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಹೆಚ್ಚೆಂದರೆ 1201ಕ್ಕೆ ಲಿಂಕ್ ಆಗುತ್ತದೆ, ಅದೂ ರೂಟರ್ ಪಕ್ಕದಲ್ಲೇ ಕೂತರೆ.

ಹೊಸ ರೂಟರ್ ತಂದರೆ ಹಿಂದಿನ ಕೋಣೆಗೂ ಸಿಗ್ನಲ್ ಮುಟ್ಟುತ್ತದೆ ಎಂದುಕೊಂಡೇ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಪ್ರಸಾರದ ಶಕ್ತಿಗೆ ಕಾನೂನಿನ ಮಿತಿಯಿದೆ, ಹೊಸ ಮಾದರಿಗೂ ಅದು ತಪ್ಪಿದ್ದಲ್ಲ. ವೈಫೈ 6ರ ನಿಜವಾದ ಲಾಭ, ಮನೆಯಲ್ಲಿ ಹತ್ತಿಪ್ಪತ್ತು ಸಾಧನಗಳು ಒಟ್ಟಿಗೆ ನಡೆಯುವಾಗ ಕಾಯುವುದು ಕಡಿಮೆಯಾಗುತ್ತದೆ ಎಂಬುದು.

ಮೊದಲು ಫೋನಿನಲ್ಲಿ ಸಿಗ್ನಲ್ ಅಳೆಯುವ ವೈಫೈ ಅನಲೈಸರ್ ಆ್ಯಪ್ ಹಿಡಿದು ಮನೆಯೆಲ್ಲ ಸುತ್ತಿ. ಸಿಗ್ನಲ್ ಬಲವನ್ನು ಅದು ಡಿಬಿಎಂನಲ್ಲಿ ತೋರಿಸುತ್ತದೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ. ಮೈನಸ್ 67 ಡಿಬಿಎಂವರೆಗೆ ವಿಡಿಯೊ ಕರೆ ಸಲೀಸು. ಮೈನಸ್ 75 ದಾಟಿದರೆ ತಡವರಿಸುತ್ತದೆ. ಟಿವಿ ಹಿಂದೆಯೋ ಚಪ್ಪಲಿ ಸ್ಟ್ಯಾಂಡಿನೊಳಗೋ ಇರುವ ರೂಟರನ್ನು ಮನೆಯ ನಡುಭಾಗಕ್ಕೆ, ಎದೆಮಟ್ಟಕ್ಕಿಂತ ಮೇಲೆ, ಬಯಲಲ್ಲಿ ಇಟ್ಟು ಇನ್ನೊಮ್ಮೆ ಅಳೆಯಿರಿ.

ಆರ್‌ಸಿಸಿ ಚಾವಣಿಯ ಕತೆ ಬೇರೆ. ಕಾಂಕ್ರೀಟು, ಕಬ್ಬಿಣ ಎರಡನ್ನೂ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸೊರಗುತ್ತದೆ. ಸಿಗ್ನಲ್ ಮುಂದಕ್ಕೆ ದಾಟಿಸಲು ಹಾಕುವ ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಕೇಬಲ್ ಇಲ್ಲದ ಮೆಶ್ (ಒಂದೇ ನೆಟ್‌ವರ್ಕ್ ಆಗಿ ಕೆಲಸ ಮಾಡುವ ಎರಡು ಮೂರು ಘಟಕಗಳ ಜೋಡಣೆ) ಹಾಕುವುದಾದರೆ ಎರಡನೇ ಘಟಕ ಸಿಗ್ನಲ್ ಇನ್ನೂ ಚೆನ್ನಾಗಿರುವ ಮೆಟ್ಟಿಲ ಬಳಿ ಇರಲಿ, ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಅಲ್ಲ.

ನನ್ನ ಸಲಹೆ ಒಂದೇ: ಕೆಳಗಿನ ರೂಟರಿನ ಲ್ಯಾನ್ ಪೋರ್ಟಿನಿಂದ ಮಹಡಿಯ ಎರಡನೇ ರೂಟರಿಗೆ ಕ್ಯಾಟ್ 6 ನೆಟ್‌ವರ್ಕ್ ತಂತಿ ಎಳೆಸಿ. ಕರೆಂಟಿನ ಪೈಪಿನೊಳಗೆ ಮಾತ್ರ ತೂರಿಸಬೇಡಿ. ಮೇಲಿನ ರೂಟರನ್ನು, ಕೆಳಗಿನ ನೆಟ್‌ವರ್ಕನ್ನೇ ವೈಫೈಯಾಗಿ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಬೇರೆಯೇ ನೆಟ್‌ವರ್ಕ್ ಕಟ್ಟಿಕೊಂಡು ಮಹಡಿಯ ಲ್ಯಾಪ್‌ಟಾಪ್‌ಗೆ ಕೆಳಗಿನ ಪ್ರಿಂಟರ್ ಕಾಣದಂತಾಗುತ್ತದೆ. ಎರಡಕ್ಕೂ ಹೆಸರು, ಪಾಸ್‌ವರ್ಡ್ ಒಂದೇ, ಚಾನೆಲ್ ಬೇರೆ ಬೇರೆ.

ಇಷ್ಟಾದ ಮೇಲೂ ಸ್ಪೀಡ್ ಟೆಸ್ಟ್ 94ರ ಆಸುಪಾಸಿಗೇ ನಿಂತರೆ ಕ್ರಿಂಪಿಂಗ್, ಅಂದರೆ ತಂತಿಯ ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದ್ದು, ಸರಿಯಿದೆಯೇ ನೋಡಿ. ಗಿಗಾಬಿಟ್ (1000 ಎಂಬಿಪಿಎಸ್) ಲಿಂಕ್‌ಗೆ ತಂತಿಯೊಳಗಿನ ಎಂಟೂ ಎಳೆ ಬೇಕು. ನಾಲ್ಕೇ ಜೋಡಿಸಿದ್ದರೆ, ಅಥವಾ ನೀಲಿ ಇಲ್ಲವೇ ಕಂದು ಜೋಡಿಯ ಒಂದೆಳೆ ಸಡಿಲವಾಗಿದ್ದರೆ, ಲಿಂಕ್ 100ಕ್ಕೆ ಇಳಿಯುತ್ತದೆ. ಹೊಸ ಆರ್‌ಜೆ45 ಕನೆಕ್ಟರ್ ಹಾಕಿಸಿದರೆ ಸಾಕು. ಎಳೆಗಳೆಲ್ಲ ಸರಿಯಿದ್ದರೆ ರೂಟರಿನ ಪೋರ್ಟೇ 100ರದ್ದು. ಆ ರೂಟರನ್ನು ಮಾತ್ರ ಬದಲಿಸಲೇಬೇಕು.